ಗಂಡು ಕರು, ಬತ್ತಿದ ಹಸು ಮತ್ತು ಹೈನಿನ ಲೆಕ್ಕ

ಪ್ರಶ್ನೆ: ನಮ್ಮದು ಚನ್ನರಾಯಪಟ್ಟಣ ತಾಲ್ಲೂಕು, ಹಿರೀಸಾವೆ ಹೋಬಳಿ. ಬೆಂಗಳೂರಿನ ಕೆಲಸ ಬಿಟ್ಟು ಬಂದು 10 ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಸಿಯನ್ ಎಂಬ ಹಾಲಿನ ತಳಿ) ಹಸು ಕಟ್ಟಿದ್ದೇನೆ, ಡೈರಿಗೆ ಹಾಲು ಹಾಕುತ್ತೇನೆ. ಗಂಡು ಕರುಗಳದ್ದು, ಬತ್ತಿದ ಹಸುಗಳದ್ದು ದೊಡ್ಡ ಚಿಂತೆಯಾಗಿದೆ. ನನ್ನ ಚಿಕ್ಕಪ್ಪನ ಮಗ ಐರ್ಲೆಂಡಿನ ಹೈನು ಫಾರಂ ಒಂದರಲ್ಲಿದ್ದಾನೆ. ಅಲ್ಲಿ ಎರಡೂ ಮಾಂಸಕ್ಕೆ ಹೋಗಿ ಒಳ್ಳೆ ದುಡ್ಡು ಬರುತ್ತದೆ ಅನ್ನುತ್ತಾನೆ. ಆ ಬೀಫ್ ವ್ಯಾಪಾರ ನಿಜವಾಗಿ ಹೇಗೆ ನಡೆಯುತ್ತದೆ? ನಮ್ಮಲ್ಲಿ ಗಂಡು ಎಮ್ಮೆಕರು ಸಾಕಿ ಮಾಂಸಕ್ಕೆ ಮಾರಿದರೆ ಗಿಟ್ಟುತ್ತದೆಯೇ? ಅಥವಾ ಕುರಿ ಕಟ್ಟಲೇ?

ಉತ್ತರ: ಮೊದಲು ನೇರವಾಗಿ ಹೇಳಿಬಿಡುತ್ತೇನೆ. ಎಮ್ಮೆಕರುವಿನ ಯೋಚನೆ ಬಿಡಿ. ಕರ್ನಾಟಕದಲ್ಲಿ ಅದು ಕಾನೂನಿಗೂ ಹೊಂದುವುದಿಲ್ಲ, ಲೆಕ್ಕಕ್ಕೂ ಹೊಂದುವುದಿಲ್ಲ. ಕುರಿ ಆಗಬಹುದು, ಆದರೆ ತಕ್ಕಡಿ ಇಟ್ಟುಕೊಂಡರೆ ಮಾತ್ರ. ಇನ್ನು ನಿಮ್ಮ 10 ಹಸುಗಳ ವಿಷಯ. ಹಸುವಿನ ಕೊನೆಯ ಬೆಲೆ ಸೊನ್ನೆ ಎಂದು ಪುಸ್ತಕದಲ್ಲಿ ಬರೆದುಕೊಂಡು ಅಲ್ಲಿಂದ ಲೆಕ್ಕ ಶುರು ಮಾಡಿ. ನಮ್ಮ ಕಡೆಯ ಬಹಳಷ್ಟು ಹೈನುಗಾರರು ಈ ಒಂದು ಸಾಲು ಬರೆಯದೆಯೇ ಸಾಲ ಮಾಡಿ ಹಸು ಕಟ್ಟುತ್ತಾರೆ. ಮೂರನೇ ಸೂಲಿನ (ಕರು ಹಾಕಿ ಹಾಲು ಕೊಡುವ ಒಂದು ಸರದಿಗೆ ಸೂಲು ಅನ್ನುತ್ತಾರೆ) ಹೊತ್ತಿಗೆ ಕಷ್ಟಕ್ಕೆ ಬೀಳುತ್ತಾರೆ. ಯಾಕೆ ಅಂತ ತಿಳಿಯಬೇಕಾದರೆ ನಿಮ್ಮ ತಮ್ಮ ಹೇಳಿದ ಐರ್ಲೆಂಡಿನಿಂದಲೇ ಶುರು ಮಾಡುವುದು ಒಳ್ಳೆಯದು.

ಐರ್ಲೆಂಡಿನಲ್ಲಿ ಹೈನು, ಬೀಫ್ ಎರಡೂ ಒಂದೇ ಹಿಂಡಿನ ಎರಡು ಬೆಳೆ. ಆ ದೇಶ ಉತ್ಪಾದಿಸುವ ಬೀಫಿನಲ್ಲಿ ಸುಮಾರು 10ರಲ್ಲಿ 9 ಪಾಲು ಹೊರದೇಶಗಳಿಗೆ ಹೋಗುತ್ತದೆ. ಮಾಂಸಕ್ಕೆ ಬರುವ ದನಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಹೈನು ಹಿಂಡಿನಲ್ಲೇ ಹುಟ್ಟಿದವು. ಹಸುಗಳು ಫೆಬ್ರವರಿಯಿಂದ ಏಪ್ರಿಲ್ ಒಳಗೆ ಈಯುತ್ತವೆ, ಏಕೆಂದರೆ ಹುಲ್ಲು ಬೆಳೆಯುವುದು ಆಗ. ಹಾಲಿನವನು ಗಂಡು ಕರುವನ್ನು ಕೆಲವೇ ವಾರಗಳಲ್ಲಿ ಇನ್ನೊಬ್ಬ ರೈತನಿಗೆ ಮಾರುತ್ತಾನೆ. ಕೊಂಡವನು ಅದನ್ನು ಎರಡು ವರ್ಷ ಹುಲ್ಲುಗಾವಲಿನಲ್ಲಿ ಬೆಳೆಸಿ, ಸುಮಾರು 300 ಕಿಲೋ ಮಾಂಸದ ದೇಹ ಬರುವ ಹೊತ್ತಿಗೆ ಕಾರ್ಖಾನೆಗೆ ಕಳಿಸುತ್ತಾನೆ. ಅಲ್ಲಿ ಬೆಲೆ ಕಟ್ಟುವುದು ಜೀವಂತ ದನಕ್ಕಲ್ಲ. ಚರ್ಮ, ತಲೆ, ಕರುಳು ತೆಗೆದು ತೂಗುಹಾಕಿದ ದೇಹಕ್ಕೆ. ಅದರ ಆಕಾರಕ್ಕೆ ಒಂದು ದರ್ಜೆ, ಮೇಲಿನ ಕೊಬ್ಬಿಗೆ 1ರಿಂದ 5ರವರೆಗೆ ಇನ್ನೊಂದು ದರ್ಜೆ. ಎರಡೂ ಸೇರಿ ಕಿಲೋಗೆ ದರ ನಿಗದಿಯಾಗುತ್ತದೆ. 30 ತಿಂಗಳ ಒಳಗಿನ ದನಕ್ಕೆ ಸ್ವಲ್ಪ ಮೇಲ್ದರವೂ ಉಂಟು. 2025ರ ಬೇಸಿಗೆಗೆ ಮುಂಚೆ ಅಲ್ಲಿನ ದರ ಕಿಲೋಗೆ 7 ಯುರೋ ದಾಟಿತ್ತು. ನಿಮ್ಮ ತಮ್ಮನ ಉತ್ಸಾಹಕ್ಕೆ ಈ ದರವೂ ಒಂದು ಕಾರಣ ಇರಬೇಕು.

ಆದರೆ ಅವನು ಹೇಳದೇ ಇದ್ದ ಇನ್ನೊಂದು ಮುಖವೂ ಇದೆ. 2015ರಲ್ಲಿ ಐರೋಪ್ಯ ಒಕ್ಕೂಟ ಹಾಲಿನ ಮೇಲಿದ್ದ ಮಿತಿಯನ್ನು ತೆಗೆದುಹಾಕಿತು. ಐರ್ಲೆಂಡಿನ ರೈತರು ಹಸು ಹೆಚ್ಚಿಸಿದರು, ಜೊತೆಗೆ ಗಂಡು ಕರುಗಳೂ ಹೆಚ್ಚಿದವು. ಜೆರ್ಸಿ ಮಿಶ್ರಣದ ಗಂಡು ಕರುವಿನ ಮೈಯಲ್ಲಿ ಮಾಂಸ ಕೂರುವುದಿಲ್ಲ. ಅದು ಅಲ್ಲಿಯೂ ಯಾರಿಗೂ ಬೇಡದ ಕರುವೇ. ಅದಕ್ಕೇ ಅಲ್ಲಿನವರು ಹಿಂಡಿನ ಒಳ್ಳೆಯ ಹಸುಗಳಿಗೆ ಮಾತ್ರ ಹಾಲಿನ ತಳಿಯ ವೀರ್ಯ ಕೊಡಿಸುತ್ತಾರೆ. ಉಳಿದವಕ್ಕೆ ಆಂಗಸ್, ಹಿಯರ್‌ಫರ್ಡ್‌ನಂತಹ ಮಾಂಸದ ತಳಿಯ ವೀರ್ಯ ಹಾಕಿಸಿ, ಬೆಲೆ ಸಿಗುವ ಕರು ಹುಟ್ಟುವಂತೆ ನೋಡಿಕೊಳ್ಳುತ್ತಾರೆ. ಅಂದರೆ ಬೀಫ್ ಮಾರುಕಟ್ಟೆ ಇರುವ ದೇಶದಲ್ಲೂ ಎಲ್ಲ ಗಂಡು ಕರುವಿಗೆ ಬೆಲೆ ಇಲ್ಲ. ಯಾವ ಕರು ಹುಟ್ಟಬೇಕು ಅನ್ನುವುದನ್ನು ವೀರ್ಯ ಕೊಡಿಸುವ ದಿನವೇ ತೀರ್ಮಾನಿಸುತ್ತಾರೆ. ಈ ಮಾತು ನೆನಪಿರಲಿ, ನಿಮ್ಮ ಕೊಟ್ಟಿಗೆಗೆ ಇದೇ ಬೇಕಾಗುವುದು.

ಕಾರ್ಖಾನೆಯ ಒಳಗಿನ ಲೆಕ್ಕವನ್ನೂ ಸ್ವಲ್ಪ ನೋಡೋಣ. ಮಾಂಸದ ತಳಿಯ ಚೆನ್ನಾಗಿ ಮೇಯ್ದ ಹೋರಿ 600 ಕಿಲೋ ಇದ್ದರೆ ದೇಹವಾಗಿ ಉಳಿಯುವುದು ಶೇ 60ರ ಆಸುಪಾಸು. ಹಾಲಿನ ತಳಿಯದಾದರೆ ಶೇ 52-55. ಹಲವು ಸೂಲು ಮುಗಿಸಿದ ಹಸುವಾದರೆ ಶೇ 45-50 ಅಷ್ಟೆ, ಹೊಟ್ಟೆ ಕೆಚ್ಚಲು ದೊಡ್ಡದು, ತೊಡೆ ಸಣ್ಣದು. ಮೂಳೆ, ಹೆಚ್ಚಿನ ಕೊಬ್ಬು ತೆಗೆದ ಮೇಲೆ ದೇಹದ ಮೂರನೇ ಎರಡು ಪಾಲಿನಷ್ಟು ಮಾತ್ರ ಅಂಗಡಿಗೆ ಬರುವ ಮಾಂಸ. ಅದರಲ್ಲೂ ಬೆನ್ನಿನ ಒಳಗಿನ ಮೆತ್ತನೆಯ ದುಬಾರಿ ಪಟ್ಟಿ ದೇಹದ ಶೇ 2ರ ಆಸುಪಾಸು. ಹೋಟೆಲಿನಲ್ಲಿ ದೊಡ್ಡ ಬೆಲೆಗೆ ಹೋಗುವುದು ಆ ಚಿಕ್ಕ ಭಾಗ. ಮಿಕ್ಕಿದ್ದನ್ನೆಲ್ಲ ಮಾರಲೇಬೇಕು. ಮುಂಗಾಲು, ಕುತ್ತಿಗೆ ಕೀಮಾಗೆ. ನಾಲಿಗೆ, ಕರುಳು ಅದನ್ನು ತಿನ್ನುವ ದೇಶಗಳಿಗೆ. ಚರ್ಮ ಹದ ಮಾಡುವವರಿಗೆ, ಮೂಳೆ ಜೆಲಟಿನ್‌ಗೆ, ಕೊಬ್ಬು ಸೋಪು ಮತ್ತು ಇಂಧನಕ್ಕೆ. ಕಾರ್ಖಾನೆಯವನಿಗೆ ಮಾಂಸದಲ್ಲಿ ಉಳಿಯುವ ಅಂತರ ಬಹಳ ಸಣ್ಣದು. ಲಾಭ ನಷ್ಟ ತೀರ್ಮಾನ ಆಗುವುದು ಈ ಉಪ ಉತ್ಪನ್ನಗಳಲ್ಲಿ ಮತ್ತು ದಿನಕ್ಕೆ ಎಷ್ಟು ದನ ಬಂದವು ಅನ್ನುವುದರಲ್ಲಿ. ಕೂಲಿ, ಕರೆಂಟು, ತಣ್ಣನೆ ಕೋಣೆ ಎಲ್ಲದಕ್ಕೂ ದಿನವೂ ಖರ್ಚು ಇದ್ದೇ ಇದೆ. ದನ ಕಡಿಮೆ ಬಂದರೆ ಆ ಖರ್ಚು ಬಂದಷ್ಟರ ತಲೆ ಮೇಲೆ ಕೂರುತ್ತದೆ.

ಅಮೆರಿಕದಲ್ಲಿ ಈಗ ಆಗುತ್ತಿರುವುದು ಇದೇ. 2025ರ ಜನವರಿ ಎಣಿಕೆಯಲ್ಲಿ ಅಲ್ಲಿನ ದನಗಳ ಸಂಖ್ಯೆ 8.67 ಕೋಟಿಗೆ ಇಳಿದಿತ್ತು. 1951ರ ನಂತರ ಇಷ್ಟು ಕಡಿಮೆ ಆಗಿದ್ದು ಅದೇ ಮೊದಲು. ಬರದಿಂದ ರೈತರು ಕಡಸುಗಳನ್ನೂ, ಅಂದರೆ ಇನ್ನೂ ಕರು ಹಾಕದ ಎಳೆ ಹಸುಗಳನ್ನೂ, ಮಾರಿದ್ದರು. ಕಡಸು ಹೋದರೆ ಮುಂದಿನ ಕರು ಇಲ್ಲ, ಹಿಂಡು ಮತ್ತೆ ಬೆಳೆಯಲು ವರ್ಷಗಳೇ ಬೇಕು. ಅಲ್ಲಿ ಕೊಬ್ಬಿಸಿದ ದನಗಳಲ್ಲಿ ಸುಮಾರು ಶೇ 85ನ್ನು ಕೊಳ್ಳುವುದು ನಾಲ್ಕೇ ಕಂಪನಿಗಳು. ದನ ಜಾಸ್ತಿ ಇದ್ದಾಗ ಬೆಲೆ ಅವರ ಕೈಯಲ್ಲಿ, ದನ ಕಡಿಮೆಯಾದಾಗ ರೈತನ ಕೈಯಲ್ಲಿ. ಹಳೆ ಹೈನು ಹಸುವಿನ ಬೆಲೆಯನ್ನು ಅಲ್ಲಿ ತೀರ್ಮಾನಿಸುವುದು ಬರ್ಗರ್. ಕೊಬ್ಬಿಸಿದ ದನದ ಕೊಬ್ಬಿನ ಚೂರುಗಳಿಗೆ ಕೊಬ್ಬಿಲ್ಲದ ಮಾಂಸ ಬೆರೆಸಬೇಕು. ಅದು ಸಿಗುವುದು ಹಳೆ ಹಸುವಿನಿಂದ ಮತ್ತು ಆಸ್ಟ್ರೇಲಿಯಾ, ನ್ಯೂಜಿಲೆಂಡ್, ಬ್ರೆಜಿಲ್‌ನ ಆಮದಿನಿಂದ. ಇಲ್ಲೊಂದು ಮಾತು ಹೇಳಲೇಬೇಕು. ಬೀಫ್ ರಫ್ತಿನಲ್ಲಿ ಜಗತ್ತಿನಲ್ಲೇ ಮೊದಲ ಸ್ಥಾನದಲ್ಲಿರುವ ಬ್ರೆಜಿಲ್‌ನ ಬಿಳಿ ನೆಲ್ಲೋರ್ ದನಗಳ ಮೂಲ ಆಂಧ್ರದ ಓಂಗೋಲು ತಳಿ. ಅಮೆರಿಕದ ಬ್ರಾಹ್ಮನ್ ತಳಿಯ ರಕ್ತದಲ್ಲಿ ನಮ್ಮ ಕೃಷ್ಣಾ ಕಣಿವೆಯ ತಳಿಯೂ ಇದೆ. ಬಿಸಿಲು, ಉಣುಗು ತಾಳುವ ಗುಣಕ್ಕೆ ನಮ್ಮ ದನ ಬೇಕಾಯಿತು.

ಈಗ ನಮ್ಮ ಊರಿಗೆ ಬರೋಣ.

ಕರ್ನಾಟಕದಲ್ಲಿ 1964ರ ಕಾಯ್ದೆಯ ಪ್ರಕಾರ 12 ವರ್ಷ ದಾಟಿದ ಎತ್ತು, ಹೋರಿ, ಎಮ್ಮೆಗಳಿಗೆ ಅಧಿಕಾರಿಯ ಪ್ರಮಾಣಪತ್ರದ ಮೇಲೆ ವಧೆಗೆ ಅವಕಾಶ ಇತ್ತು. 2020ರ ಕಾಯ್ದೆ 2021ರಲ್ಲಿ ಜಾರಿಗೆ ಬಂದ ಮೇಲೆ ಹಸು, ಕರು, ಎತ್ತು, ಹೋರಿ ಯಾವ ವಯಸ್ಸಿನದ್ದಾದರೂ ವಧೆ ನಿಷೇಧ. ಎಮ್ಮೆ ಕೋಣಗಳಿಗೂ 13 ವರ್ಷ ತುಂಬಿರಬೇಕು. ವಧೆಗೆಂದು ಮಾರುವುದು, ಸಾಗಿಸುವುದು ಕೂಡ ಅಪರಾಧ. ಶಿಕ್ಷೆ 3ರಿಂದ 7 ವರ್ಷ ಜೈಲು, ಒಂದು ರಾಸಿಗೆ 50 ಸಾವಿರದಿಂದ 5 ಲಕ್ಷದವರೆಗೆ ದಂಡ. ಯಾರು ಕೊಂಡರು, ಯಾತಕ್ಕೆ ಕೊಂಡರು ಎಂದು ಕೇಳದೆ ರಾತ್ರೋರಾತ್ರಿ ದಲ್ಲಾಳಿ ಕೈಗೆ ಹಗ್ಗ ಕೊಡುವವರು ಇದನ್ನು ಒಮ್ಮೆ ಯೋಚಿಸಬೇಕು. ಹಸು ಮಾರುವಾಗ ಕೊಳ್ಳುವವರ ಹೆಸರು, ಊರು ಬರೆಸಿ ರಸೀದಿ ಇಟ್ಟುಕೊಳ್ಳಿ. ಕಿವಿಯಲ್ಲಿರುವ 12 ಅಂಕಿಯ ಓಲೆಯನ್ನು ಪಶು ಆಸ್ಪತ್ರೆಯಲ್ಲಿ ಹೊಸ ಮಾಲೀಕರ ಹೆಸರಿಗೆ ಬದಲಿಸಿಕೊಡಿ.

ನಿಮ್ಮ ಎಮ್ಮೆಕರುವಿನ ಪ್ರಶ್ನೆಗೆ ಉತ್ತರ ಇಲ್ಲೇ ಇದೆ. ನಮ್ಮ ದೇಶದಿಂದ ಎಮ್ಮೆ ಮಾಂಸದ ದೊಡ್ಡ ರಫ್ತು ನಡೆಯುತ್ತದೆ ಅನ್ನುವುದು ನಿಜ. ವರ್ಷಕ್ಕೆ 12 ಲಕ್ಷ ಟನ್‌ಗೂ ಹೆಚ್ಚು, ಬೆಲೆಯಲ್ಲಿ ಸುಮಾರು 400 ಕೋಟಿ ಡಾಲರ್. ವಿಯೆಟ್ನಾಂ, ಮಲೇಷ್ಯಾ, ಈಜಿಪ್ಟ್, ಇರಾಕ್ ಕೊಳ್ಳುತ್ತವೆ. ದನದ ಮಾಂಸದ ರಫ್ತಿಗೆ ಅನುಮತಿ ಇಲ್ಲ, ಹೋಗುವುದು ಮೂಳೆ ತೆಗೆದ ಎಮ್ಮೆ ಮಾಂಸ ಮಾತ್ರ. ಆ ಕಾರ್ಖಾನೆಗಳು ಹೆಚ್ಚಾಗಿ ಇರುವುದು ಉತ್ತರ ಪ್ರದೇಶದಲ್ಲಿ, ಎಮ್ಮೆಗಳ ಸಂಖ್ಯೆಯೂ ಅಲ್ಲೇ ಜಾಸ್ತಿ. ನಮ್ಮಲ್ಲಿ ಕಾಲುಬಾಯಿ ಜ್ವರ ಇರುವುದರಿಂದ ಜಪಾನ್, ಅಮೆರಿಕದಂತಹ ದುಬಾರಿ ಮಾರುಕಟ್ಟೆಗಳು ಬಾಗಿಲು ತೆರೆಯುವುದಿಲ್ಲ. ಕೊಳ್ಳುವ ದೇಶಗಳೂ ಮೂಳೆ, ಗ್ರಂಥಿ ತೆಗೆದು, 24 ಗಂಟೆ ತಣ್ಣಗಿಟ್ಟು, ಮಾಂಸದ ಹುಳಿಯಂಶ ವೈರಸ್ ಸಾಯುವ ಮಟ್ಟಕ್ಕೆ ಬಂದದ್ದನ್ನು ಮಾತ್ರ ತೆಗೆದುಕೊಳ್ಳುತ್ತವೆ. ಒಂದು ರೋಗ ಇಡೀ ದೇಶದ ಮಾಂಸದ ದರವನ್ನು ಕೆಳಗೆ ಎಳೆದು ಹಿಡಿದಿದೆ. 2013ರಲ್ಲಿ ನಮ್ಮ ದಕ್ಷಿಣ ಜಿಲ್ಲೆಗಳ ಕೊಟ್ಟಿಗೆಗಳಿಗೆ ಆ ಜ್ವರ ಏನು ಮಾಡಿತು ಅಂತ ನಿಮ್ಮ ತಂದೆಯನ್ನು ಕೇಳಿ. ಲಸಿಕೆಯ ದಿನ ಯಾವುದೇ ಕೆಲಸ ಇದ್ದರೂ ಬಿಟ್ಟು ಮನೆಯಲ್ಲಿರಿ.

ಕರ್ನಾಟಕದ ಲೆಕ್ಕ ಬೇರೆ. ಮಾಂಸಕ್ಕೆ ಸಾಕುವ ಕೋಣ ಒಂದೂವರೆ ಎರಡು ವರ್ಷಕ್ಕೆ ಕೊಟ್ಟಿಗೆ ಬಿಡಬೇಕು. ಆ ವಯಸ್ಸಿನ ನಂತರ ತಿಂದ ಮೇವಿಗೆ ತಕ್ಕ ಮೈ ಕೂರುವುದಿಲ್ಲ. ಇಲ್ಲಿ 13 ವರ್ಷ ಕಾಯಬೇಕು. 11 ವರ್ಷ ಸುಮ್ನೆ ಮೇವು ಹಾಕಿ ಯಾವ ದರ ಸಿಕ್ಕರೂ ಅಸಲು ಹುಟ್ಟುವುದಿಲ್ಲ. ಅಲ್ಲಿಗೆ ಆ ಮಾತು ಮುಗಿಯಿತು.

ಇನ್ನು ಹಸು. ಹಿಂದೆ ನಮ್ಮ ಜಿಲ್ಲೆಗಳಲ್ಲಿ ಗಂಡು ಕರು ಹುಟ್ಟಿದರೆ ಮನೆಯವರು ಹೆಚ್ಚು ಖುಷಿಪಡುತ್ತಿದ್ದರು. ಹಳ್ಳಿಕಾರ್ ಹೋರಿಗರು ಅಂದರೆ ನೇಗಿಲು, ಗಾಡಿ, ಜಾತ್ರೆಯಲ್ಲಿ ಗೌರವ. ನಿಮ್ಮ ಪಕ್ಕದ ಬೂಕನಬೆಟ್ಟದ ಜಾತ್ರೆಗೆ ಇವತ್ತೂ ಒಳ್ಳೆ ಜೋಡಿ ಬಂದರೆ ಜನ ಸುತ್ತ ನಿಂತು ಬಾಯಿ ತೆರೆದು ನೋಡುತ್ತಾರೆ. ಚಿಕ್ಕಮಗಳೂರು ಜಿಲ್ಲೆಯ ಅಜ್ಜಂಪುರದ ಅಮೃತಮಹಲ್ ತಳಿ ಕೇಂದ್ರದ ಹೋರಿಗಳನ್ನು ಹರಾಜಿನಲ್ಲಿ ಹಿಡಿಯಲು ರೈತರು ದೂರದೂರದಿಂದ ಬರುತ್ತಾರೆ. ಎಚ್‌ಎಫ್ ಮಿಶ್ರತಳಿಯ ಗಂಡು ಕರುವಿಗೆ ಈ ದಾರಿ ಇಲ್ಲ. ನೊಗ ನಿಲ್ಲಲು ಹಿಣಿಲು ಇಲ್ಲ, ಬಿಸಿಲಿಗೆ ಏದುಸಿರು ಬಿಡುತ್ತದೆ. ದುಡಿಮೆಯೂ ಇಲ್ಲ, ಮಾಂಸದ ಮಾರುಕಟ್ಟೆಯೂ ಇಲ್ಲ. ಐರ್ಲೆಂಡಿನ ಹೈನುಗಾರನ ಖರ್ಚಿನಲ್ಲಿ ಒಂದು ಪಾಲನ್ನು ಮಾಂಸ ಹೊರುತ್ತದೆ. ನಿಮ್ಮ ಖರ್ಚನ್ನೆಲ್ಲ ಹಾಲು ಒಂದೇ ಹೊರಬೇಕು.

ಇದನ್ನು ಅಂಕಿಯಲ್ಲಿ ನೋಡೋಣ. ಇವು ನಾನು ಲೆಕ್ಕಕ್ಕೆ ಇಟ್ಟುಕೊಂಡ ಅಂಕಿಗಳು, ನಿಮ್ಮವನ್ನು ಹಾಕಿಕೊಳ್ಳಿ. ಹಸು ಕೊಂಡ ಬೆಲೆ 80,000. ಒಂದು ಸೂಲಿಗೆ 3,000 ಲೀಟರ್ ಹಾಲು. ಮೂರು ಸೂಲು ಕರೆದು ಹಸು ಹೋಯಿತು ಅಂದರೆ 9,000 ಲೀಟರಿಗೆ 80,000. ಲೀಟರಿಗೆ ಹತ್ತಿರ ಹತ್ತಿರ 8 ರೂಪಾಯಿ 90 ಪೈಸೆ ಬರೀ ಹಸುವಿನ ಬೆಲೆಗೇ ಹೋಯಿತು. ಮೇವು, ಹಿಂಡಿ, ಕೂಲಿ ಇನ್ನೂ ಸೇರಿಲ್ಲ. ಅದೇ ಹಸುವಿಗೆ ಕೊನೆಯಲ್ಲಿ 30,000 ಸಿಗುವ ಊರಾಗಿದ್ದರೆ ಈ ಖರ್ಚು ಲೀಟರಿಗೆ 5 ರೂಪಾಯಿ 55 ಪೈಸೆ. ಅಂತರ ಮೂರು ರೂಪಾಯಿ ಚಿಲ್ಲರೆ. ಸರ್ಕಾರ ಲೀಟರಿಗೆ ಕೊಡುವ 5 ರೂಪಾಯಿ ಪ್ರೋತ್ಸಾಹಧನದ ಅರ್ಧಕ್ಕಿಂತ ಹೆಚ್ಚು ಇದರಲ್ಲೇ ಕರಗುತ್ತದೆ.

ಆ ಅಂತರ ತುಂಬಲು ಏನು ಮಾಡಬೇಕು? ಕೊನೆಯ ಬೆಲೆ ಸೊನ್ನೆ ಇಟ್ಟು, ಸೂಲಿನ ಸಂಖ್ಯೆ ಮಾತ್ರ ಬದಲಿಸಿ ನೋಡಿ. ಐದು ಸೂಲು ಕರೆದರೆ 15,000 ಲೀಟರಿಗೆ 80,000, ಅಂದರೆ ಲೀಟರಿಗೆ 5 ರೂಪಾಯಿ 33 ಪೈಸೆ. ಐರ್ಲೆಂಡಿನವನಿಗೆ ಮಾಂಸ ಕೊಟ್ಟ ಅನುಕೂಲವನ್ನು ನಿಮಗೆ ಇನ್ನೆರಡು ಸೂಲು ಕೊಟ್ಟವು. ನಾನು ನಿಮಗೆ ಹೇಳಬೇಕೆಂದಿರುವ ಮುಖ್ಯ ಮಾತು ಇದೇ. ಮಾಂಸದ ಬೆಲೆ ಇಲ್ಲದ ಊರಿನಲ್ಲಿ ಹಸುವಿನ ಆಯಸ್ಸೇ ಬಂಡವಾಳ. ಅಲ್ಲಿಯವನು ಹಸುವನ್ನು ಬೇಗ ಬದಲಿಸಿದರೂ ನಡೆಯುತ್ತದೆ. ನಮಗೆ ನಡೆಯುವುದಿಲ್ಲ.

ನಿಜ ಹೇಳಬೇಕೆಂದರೆ ಕೊನೆಯ ಬೆಲೆ ಸೊನ್ನೆಗಿಂತಲೂ ಕೆಳಗೆ. ಹಾಲು ನಿಂತ ಹಸುವಿಗೆ ಒಣಹುಲ್ಲು, ಒಂದಿಷ್ಟು ಹಸಿ, ಒಂದು ಹಿಡಿ ಬೂಸ ಅಂತ ದಿನಕ್ಕೆ 80 ರೂಪಾಯಿ ಹಿಡಿದರೂ ಎರಡು ವರ್ಷಕ್ಕೆ 58,400. ರಾಜ್ಯ ಸರ್ಕಾರದ ಪುಣ್ಯಕೋಟಿ ದತ್ತು ಯೋಜನೆಯಲ್ಲಿ ಗೋಶಾಲೆಯ ಒಂದು ರಾಸಿಗೆ ವರ್ಷಕ್ಕೆ 11,000 ರೂಪಾಯಿ ಅಂತ ನಿಗದಿಯಾಗಿತ್ತು. ದಿನಕ್ಕೆ ಹಂಚಿದರೆ 30 ರೂಪಾಯಿ ಮಾತ್ರ. ಎಚ್‌ಎಫ್ ಹಸುವಿನ ಹೊಟ್ಟೆ ಅಷ್ಟಕ್ಕೆ ತುಂಬುವುದಿಲ್ಲ. ಗೋಶಾಲೆಗಳು ದೊಡ್ಡ ಹಸು ತೆಗೆದುಕೊಳ್ಳಲು ಹಿಂದೆ ಮುಂದೆ ನೋಡುವುದು ಇದಕ್ಕೇ. ಹಾಗಾಗಿ ಎರಡು ವರ್ಷದ ಮೇವನ್ನೂ ಹಸುವಿನ ಖರ್ಚಿಗೆ ಸೇರಿಸಿ. ಮೂರು ಸೂಲಿನ ಹಸುವಿಗೆ ಅದು ಲೀಟರಿಗೆ 15 ರೂಪಾಯಿ ದಾಟುತ್ತದೆ, ಆರು ಸೂಲಿನದ್ದಕ್ಕೆ 7 ರೂಪಾಯಿ 70 ಪೈಸೆ. ಇನ್ನೊಂದು ರೀತಿ ನೋಡಿ. 14 ತಿಂಗಳಿಗೆ ಒಂದು ಕರು ಅಂತ ಹಿಡಿದರೆ, ಮೂರೇ ಸೂಲಿಗೆ ಹಸು ಬದಲಿಸುವ 10 ಹಸುವಿನ ಕೊಟ್ಟಿಗೆಯಲ್ಲಿ ಯಾವಾಗಲೂ ಹಾಲು ನಿಂತ ಐದಾರು ಹಸು ಕೂತು ತಿನ್ನುತ್ತಿರುತ್ತವೆ. ಆರು ಸೂಲಿನ ಕೊಟ್ಟಿಗೆಯಲ್ಲಿ ಮೂರರ ಹತ್ತಿರ. ಬಾಯಿಲ್ಲದ ಪ್ರಾಣಿಗೆ ಕೊನೆಗಾಲದಲ್ಲಿ ಹೊಟ್ಟೆತುಂಬ ಹುಲ್ಲು ಹಾಕುವ ಶಕ್ತಿ ನಮಗೆ ಉಳಿಯಬೇಕಾದರೂ ಇದೇ ದಾರಿ.

ಸೂಲು ಹೆಚ್ಚಿಸುವುದು ಅಂದರೆ ಔಷಧಿ ಅಂಗಡಿಗೆ ಓಡುವುದಲ್ಲ. ನಮ್ಮ ಕಡೆ ಹಸು ಬೇಗ ಕೈಬಿಡುವುದಕ್ಕೆ ಕಾರಣಗಳು ಮೂರು. ಗಬ್ಬ ನಿಲ್ಲದಿರುವುದು, ಕೆಚ್ಚಲು ಬಾವು, ಗೊರಸಿನ ತೊಂದರೆ. ಗೊರಸನ್ನು ಯಾರೂ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಸಿಮೆಂಟು ನೆಲ, ಸದಾ ಗಂಜಲದ ಒದ್ದೆ, ದಿನವಿಡೀ ಕಟ್ಟಿದ ಹಗ್ಗ. ಆ ಹಸು ನಿಲ್ಲಲಾರದೆ ಮಲಗುತ್ತದೆ, ಮೇವು ಬಿಡುತ್ತದೆ, ಬೆದೆ ತೋರಿಸುವುದಿಲ್ಲ. ರಬ್ಬರ್ ಮ್ಯಾಟ್ ಹಾಕಿ. ಸಾಧ್ಯವಾದರೆ ತೆಂಗಿನ ತೋಟದಲ್ಲಿ ಒಂದು ಭಾಗಕ್ಕೆ ಬೇಲಿ ಹಾಕಿ ಹಗಲು ಹೊತ್ತು ಬಿಡಿ. ವರ್ಷಕ್ಕೆರಡು ಸಲ ಗೊರಸು ಕತ್ತರಿಸಿ. ಹಾಲು ಕರೆದ ಕೂಡಲೇ ಹಸು ಮಲಗದಂತೆ ಮುಂದೆ ಮೇವು ಹಾಕಿ, ಆಗ ಮೊಲೆತೊಟ್ಟಿನ ಬಾಯಿ ಮುಚ್ಚಿಕೊಳ್ಳಲು ಸಮಯ ಸಿಗುತ್ತದೆ. 30 ಲೀಟರ್ ಹಸು ಅಂತ ಹುಡುಕಿಕೊಂಡು ಹೋಗಬೇಡಿ. ಒಂದೂವರೆ ಲಕ್ಷದ ಹಸು ಎರಡು ಸೂಲಿಗೆ ಬಿದ್ದರೆ ಎದ್ದು ನಿಲ್ಲುವುದು ಕಷ್ಟ. ನಮ್ಮ ಬಿಸಿಲಿಗೆ, ನಮ್ಮ ರಾಗಿಹುಲ್ಲಿಗೆ 400-450 ಕಿಲೋದ, 12-15 ಲೀಟರ್ ಕೊಡುವ, ವರ್ಷಕ್ಕೊಂದು ಕರು ಹಾಕುವ ಹಸು ಸಾಕು.

ಈಗ ಗಂಡು ಕರು. ಅದು ಹುಟ್ಟಿದ ಮೇಲೆ ಏನು ಮಾಡಲಿ ಅಂತ ಕೇಳಿದರೆ ನನ್ನ ಹತ್ತಿರ ಸುಲಭದ ಉತ್ತರ ಇಲ್ಲ. ದಿನಕ್ಕೆ 3 ಲೀಟರಿನಂತೆ 90 ದಿನ ಹಾಲು ಕುಡಿಸಿದರೆ 270 ಲೀಟರ್. ಲೀಟರಿಗೆ 35 ರೂಪಾಯಿ ಹಿಡಿದರೆ 9,450. ವರ್ಷಕ್ಕೆ ನಾಲ್ಕು ಗಂಡು ಕರು ಹುಟ್ಟಿದರೆ 37,800. ಈ ಲೆಕ್ಕ ನೋಡಿ ಕೆಲವರು ಹಾಲು ಬಿಡದೆ ಕರುವನ್ನು ಕಟ್ಟಿಹಾಕುತ್ತಾರೆ. ಅದು ಕ್ರೌರ್ಯ. ಯಾವ ನಷ್ಟದ ನೆಪ ಹೇಳಿದರೂ ಒಪ್ಪತಕ್ಕದ್ದಲ್ಲ. ಹುಟ್ಟಿದ್ದಕ್ಕೆ ಗಿಣ್ಣುಹಾಲು, ಹಾಲು ಕೊಡಿ, ಎರಡನೇ ವಾರದಿಂದ ಕರು ಆಹಾರ ರೂಢಿಸಿ ಹಾಲನ್ನು ನಿಧಾನಕ್ಕೆ ಇಳಿಸಿ. ಆದರೆ ಬುದ್ಧಿವಂತಿಕೆ ಇರುವುದು ಹುಟ್ಟದಂತೆ ನೋಡಿಕೊಳ್ಳುವುದರಲ್ಲಿ.

ಅದಕ್ಕೆ ಇರುವುದು ಲಿಂಗ ವಿಂಗಡಿಸಿದ ವೀರ್ಯ. ಹೆಣ್ಣು ಕರು ಕೊಡುವ ವೀರ್ಯಾಣುವಿನಲ್ಲಿ ಡಿಎನ್ಎ ಶೇ 4ರ ಹತ್ತಿರ ಜಾಸ್ತಿ ಇರುತ್ತದೆ. ಆ ಸಣ್ಣ ವ್ಯತ್ಯಾಸ ಹಿಡಿದು ಯಂತ್ರ ಬೇರ್ಪಡಿಸುತ್ತದೆ. 10ರಲ್ಲಿ 9 ಸಲ ಹೆಣ್ಣು ಕರು. ವಿದೇಶಿ ಯಂತ್ರಗಳನ್ನೇ ನಂಬಿದ್ದ ಕಾಲದಲ್ಲಿ ದುಬಾರಿ ಇತ್ತು. 2024ರಲ್ಲಿ ರಾಷ್ಟ್ರೀಯ ಹೈನು ಅಭಿವೃದ್ಧಿ ಮಂಡಳಿಯ ಗೌಸಾರ್ಟ್ ಎಂಬ ದೇಶೀ ತಂತ್ರಜ್ಞಾನ ಬಂದಿದೆ. ರಾಷ್ಟ್ರೀಯ ಗೋಕುಲ್ ಮಿಷನ್‌ನಲ್ಲಿ ರಿಯಾಯಿತಿಯೂ ಇದೆ. ಇದರ ದೌರ್ಬಲ್ಯವನ್ನೂ ತಿಳಿದಿರಿ. ವೀರ್ಯ ತುಂಬಿದ ಕಡ್ಡಿಯಲ್ಲಿ ವೀರ್ಯಾಣುಗಳ ಸಂಖ್ಯೆ ತುಂಬಾ ಕಡಿಮೆ. ಸಾಮಾನ್ಯ ವೀರ್ಯಕ್ಕೆ ನೂರರಲ್ಲಿ 40 ಹಸು ಗಬ್ಬ ಕಟ್ಟುವ ಕೊಟ್ಟಿಗೆಯಲ್ಲಿ ಇದಕ್ಕೆ 32-35 ಕಟ್ಟಬಹುದು. ಎರಡು ಮೂರು ಸಲ ಕೊಡಿಸಿಯೂ ನಿಲ್ಲದ ಹಸುವಿಗೆ ಇದನ್ನು ಹಾಕಿಸಿದರೆ ದುಡ್ಡೂ ಹೋಯಿತು, ತಿಂಗಳೂ ಹೋಯಿತು. ಕಡಸುಗಳಿಗೆ ಮತ್ತು ಒಂದೆರಡು ಸೂಲಿನ ಆರೋಗ್ಯವಂತ ಹಸುಗಳಿಗೆ ಮಾತ್ರ ಕೊಡಿಸಿ.

ಆಗ ಕೊಟ್ಟಿಗೆಯಲ್ಲಿ ಹೆಣ್ಣು ಕರು ಜಾಸ್ತಿಯಾಗುತ್ತವೆ. ಅದು ನಿಮ್ಮ ಎರಡನೇ ಆದಾಯ. ಐರ್ಲೆಂಡಿನವನು ಮಾಂಸದ ಕರು ಮಾರುತ್ತಾನೆ, ನೀವು ಗಬ್ಬದ ಕಡಸು ಮಾರಿ. ದಿನಕ್ಕೆ 60 ರೂಪಾಯಿ ಖರ್ಚಿನಂತೆ ಎರಡು ವರ್ಷಕ್ಕೆ 43,800 ಬೀಳುತ್ತದೆ. ಮೇವೆಲ್ಲ ಅಂಗಡಿಯದ್ದಾದರೆ ಗಿಟ್ಟುವುದಿಲ್ಲ. ಸ್ವಂತ ಜೋಳದ ಸೈಲೇಜ್ (ಗಾಳಿಯಾಡದಂತೆ ಮುಚ್ಚಿ ಕಾಪಿಟ್ಟ ಹಸಿಮೇವು), ಸೀಮೆಹುಲ್ಲು ಇದ್ದರೆ ಗಿಟ್ಟುತ್ತದೆ. ಹಾಲಿನ ದಾಖಲೆ, ಲಸಿಕೆ ದಾಖಲೆ ಇರುವ ಕಡಸಿಗೆ ದಲ್ಲಾಳಿ ಬೇಕಿಲ್ಲ, ಅಕ್ಕಪಕ್ಕದ ಊರಿನವರೇ ಬಂದು ಕೇಳುತ್ತಾರೆ. ಗೊಬ್ಬರವನ್ನೂ ಮರೆಯಬೇಡಿ. ಸಕಲೇಶಪುರ, ಮೂಡಿಗೆರೆ ಕಡೆಯ ಕಾಫಿ ತೋಟದವರು, ನಮ್ಮಲ್ಲೇ ಶುಂಠಿ ಹಾಕುವವರು ಕೊಟ್ಟಿಗೆ ಗೊಬ್ಬರವನ್ನು ಲೋಡ್ ಲೆಕ್ಕದಲ್ಲಿ ಕೊಳ್ಳುತ್ತಾರೆ. ಹಾಲು ನಿಂತ ಹಸುವೂ ದಿನಕ್ಕೆ 10-15 ಕಿಲೋ ಸಗಣಿ ಹಾಕುತ್ತದೆ. ಬಿಸಿಲು ಮಳೆಗೆ ಬಿಡದೆ ನೆರಳಿನ ಗುಂಡಿಯಲ್ಲಿ ಕೊಳೆಸಿದರೆ, ಆ ಹಸುವಿನ ಮೇವಿನ ಒಂದು ಪಾಲಾದರೂ ಅದರಿಂದ ಹುಟ್ಟುತ್ತದೆ.

ಮಾಂಸದ ವ್ಯಾಪಾರವೇ ಮಾಡಬೇಕು ಅಂತಿದ್ದರೆ ಕುರಿ ಸರಿ. ಕೊಳ್ಳುವವರಿಗೆ ಬರವಿಲ್ಲ, ಕಾನೂನಿನ ತೊಡಕಿಲ್ಲ, ಹಾಸನದ ಹೆಸರಿನಲ್ಲೇ ಒಂದು ತಳಿ ಇದೆ, ಪಕ್ಕದಲ್ಲಿ ಬನ್ನೂರು ಇದೆ. ಆದರೆ ಬೀಫ್ ದೇಶಗಳಿಂದ ಕಲಿಯಬೇಕಾದ ಪಾಠ ಇಲ್ಲಿದೆ. ಅಲ್ಲಿ ಎಲ್ಲವೂ ತೂಕ. ನಮ್ಮ ಸಂತೆಯಲ್ಲಿ ಕಣ್ಣಂದಾಜು, ಬೆನ್ನ ಮೇಲೆ ಕೈಯಾಡಿಸಿ ಒಂದು ಮಾತು. ವ್ಯಾಪಾರಿಯ ಕೈಗೆ ಇಪ್ಪತ್ತು ವರ್ಷದ ಅಭ್ಯಾಸ, ನಿಮ್ಮದು ಹೊಸ ಕೈ.

ಒಂದು ಉದಾಹರಣೆ ನೋಡಿ, ಇದೂ ಇಟ್ಟುಕೊಂಡ ಅಂಕಿಯೇ. 13 ಕಿಲೋದ ಟಗರು ಮರಿ 6,500ಕ್ಕೆ ಕೊಂಡಿರಿ. ದಿನಕ್ಕೆ 125 ಗ್ರಾಂ ಬೆಳೆದು ನಾಲ್ಕು ತಿಂಗಳಲ್ಲಿ 28 ಕಿಲೋ ಆಯಿತು. ಒಂದು ಕಿಲೋ ಬೆಳೆಯಲು 7 ಕಿಲೋ ಒಣ ಮೇವು ಬೇಕು, ಕಿಲೋಗೆ 18 ರೂಪಾಯಿಯಂತೆ 1,890. ಲಸಿಕೆ, ಜಂತಿನ ಔಷಧಿಗೆ 150. ನೂರಕ್ಕೆ ಐದು ಸಾಯುತ್ತವೆ ಅಂತ ಮರಿಗೆ 400. ಒಟ್ಟು 8,940. ತೂಕಕ್ಕೆ ಕಿಲೋಗೆ 400ರಂತೆ ಮಾರಿದರೆ 11,200. ಉಳಿದದ್ದು 2,260. ಈಗ ಅದೇ ಮರಿಯನ್ನು ಒಂದು ಸಾವಿರ ಜಾಸ್ತಿ ಕೊಟ್ಟು ಕೊಂಡಿರಿ, ಮಾರುವಾಗ ವ್ಯಾಪಾರಿ 28ನ್ನು 25 ಅಂತ ಅಂದಾಜಿಸಿದ, ಅಂದರೆ 10,000. ಉಳಿಯುವುದು 60 ರೂಪಾಯಿ. ಮೇವು ಒಂದು ಹಿಡಿಯೂ ಹೆಚ್ಚು ಕಡಿಮೆ ಆಗಿಲ್ಲ. ಹಗ್ಗ ಹಿಡಿಯುವಾಗ ಒಂದು ಸಲ, ಬಿಡುವಾಗ ಒಂದು ಸಲ ಮೋಸ ಹೋದದ್ದಷ್ಟೆ.

ಹಾಗಾಗಿ ಕುರಿಗಿಂತ ಮೊದಲು ನೇತುಹಾಕುವ ತಕ್ಕಡಿ ಕೊಳ್ಳಿ. ನಿಮ್ಮ ಕುರಿಯ ಮಾಂಸ ಎಷ್ಟು ಬಂತು ಅಂತ ಕಸಾಯಿಯವರ ಹತ್ತಿರ ಒಂದೆರಡು ಸಲ ನಿಂತು ತೂಗಿಸಿ ನೋಡಿ. ಜೀವಂತ ತೂಕದ ಶೇ 45-50 ಬರುತ್ತದೆ. ಆಗ ಅಂಗಡಿಯ ದರದಿಂದ ಹಿಂದಕ್ಕೆ ಲೆಕ್ಕ ಹಾಕಲು ಬರುತ್ತದೆ. ತಲೆಕಾಲು, ಬೋಟಿ ವ್ಯಾಪಾರಿಯ ಕೂಲಿಗೆ, ಚರ್ಮಕ್ಕೆ ಈಗ ಹೇಳಿಕೊಳ್ಳುವ ಬೆಲೆ ಇಲ್ಲ. ಮಾರುವ ಕಾಲವೂ ಮುಖ್ಯ. ಯುಗಾದಿಯ ಮಾರನೇ ದಿನದ ಹೊಸತೊಡಕು, ಪಿತೃಪಕ್ಷ, ಊರಿನ ಮಾರಿಹಬ್ಬ, ಬಕ್ರೀದ್ ಇವುಗಳಿಗೆ ಎರಡು ವಾರ ಮೊದಲು ಕುರಿ ತಯಾರಿರಬೇಕು. ಶ್ರಾವಣದಲ್ಲಿ ಮಾರಲು ಹೋಗಬೇಡಿ, ಮರಿ ಕೊಳ್ಳಲು ಹೋಗಿ. ರಾಷ್ಟ್ರೀಯ ಜಾನುವಾರು ಮಿಷನ್‌ನಲ್ಲಿ 100 ಕುರಿ, 5 ಟಗರಿನ ಘಟಕಕ್ಕೂ ಅರ್ಧದಷ್ಟು ಸಹಾಯಧನ ಇದೆ. ಅದನ್ನು ನೋಡಿ ಒಮ್ಮೆಲೇ ದೊಡ್ಡ ಶೆಡ್ಡಿಗೆ ಕೈ ಹಾಕಬೇಡಿ. ಇಪ್ಪತ್ತು ಮರಿಯಿಂದ ಒಂದು ವರ್ಷ ನಡೆಸಿ. ಕರುಳುಬೇನೆ, ಪಿಪಿಆರ್ (ಕುರಿ, ಮೇಕೆಗೆ ಬರುವ ಸಾಂಕ್ರಾಮಿಕ ರೋಗ), ನೀಲಿ ನಾಲಿಗೆ ಲಸಿಕೆಗಳು ಮಳೆಗಾಲಕ್ಕೆ ಮುಂಚೆಯೇ ಮುಗಿದಿರಲಿ.

ಸದ್ಯಕ್ಕೆ ಮಾಡಬೇಕಾದದ್ದು ಒಂದೇ. 10 ಹಸುಗಳಿಗೂ ಒಂದೊಂದು ಹಾಳೆ ಮಾಡಿ, ಎಷ್ಟನೇ ಸೂಲು, ಕರು ಹಾಕಿದ ದಿನ, ಬೆದೆಗೆ ಬಂದ ದಿನ, ಎಷ್ಟು ಸಲ ಕೊಡಿಸಿದ್ದು ಬರೆಯಿರಿ. ಆ ಹಾಳೆಗಳನ್ನು ಹಿಡಿದುಕೊಂಡು ಹೋಬಳಿಯ ಪಶು ವೈದ್ಯರ ಹತ್ತಿರ ಹೋಗಿ, ಯಾವ ಹಸುವಿಗೆ ವಿಂಗಡಿಸಿದ ವೀರ್ಯ, ಯಾವುದಕ್ಕೆ ಸಾಮಾನ್ಯ ವೀರ್ಯ ಅಂತ ಒಟ್ಟಿಗೆ ಕೂತು ಗುರುತು ಹಾಕಿಸಿ. ಬೆಳಿಗ್ಗೆ ಬೆದೆ ಕಂಡರೆ ಸಂಜೆ ಕೊಡಿಸುವುದು ನಮ್ಮ ರೂಢಿ. ವಿಂಗಡಿಸಿದ್ದಕ್ಕೆ ಇನ್ನೂ ಕೆಲವು ಗಂಟೆ ತಡ ಮಾಡಬೇಕಾಗುತ್ತದೆ. ಬೆದೆ ಕಂಡ ಗಂಟೆಯನ್ನೂ ಬರೆದಿಟ್ಟು ಅವರಿಗೆ ಹೇಳಿ.